ಹೊರೆಗಲ್ಲಿನಿಂದ ಹೊರೆಗಲ್ಲಿಗೆ

ರೇಂಜ್ ಆಫೀಸಿನ ಗೋಡೆಯ ಮೇಲಿದ್ದ ನಕಾಶೆಯಲ್ಲಿ ಒಂದು ತುಂಡು ಕಾಡಿನ ಮೇಲೆ ಯಾರೋ ನೀಲಿ ಸೀಸಕಡ್ಡಿಯಿಂದ ಓರೆಗೆರೆಗಳನ್ನು ಎಳೆದಿದ್ದರು. ನಾನು ಅಲ್ಲಿಗೆ ಹೋಗಿದ್ದುದು ಬೇರೆ ಕೆಲಸಕ್ಕೆ. ನವಲಗುಂದ ತಾಲೂಕಿನ ಒಂದು ಕನ್ಯಾಶಾಲೆಯ ಮುಖ್ಯಾಧ್ಯಾಪಕಿ ನನಗೆ ಪತ್ರ ಬರೆದಿದ್ದರು. ತಮ್ಮ ಹುಡುಗಿಯರು ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರು. ಪುಸ್ತಕದಲ್ಲಿ ಅರಣ್ಯದ ಪಾಠವನ್ನು ಪ್ರತಿವರ್ಷ ಬಾಯಿಪಾಠ ಮಾಡುತ್ತಾರೆ, ಆದರೆ ಒಬ್ಬಳೂ ಅರಣ್ಯವನ್ನು ಕಂಡಿಲ್ಲ. ಶಾಲೆ ಶುರುವಾದ ಮೇಲೆ ಕರೆತಂದರೆ ತೋರಿಸುವಿರಾ ಎಂದು ಕೇಳಿದ್ದರು. ಕಲಘಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇರೆ ಇರಲಿಲ್ಲ. ಅನುಮತಿ ಕೇಳಲು ಹೋದವಳು ಆ ನೀಲಿ ಗೆರೆಗಳ ಅರ್ಥವೇನೆಂದು ವಿಚಾರಿಸಿದೆ.

"ಅದು ಮುಂದಿನ ಕಡಿತದ ಕೂಪು ಐತ್ರಿ ಅಕ್ಕಾರ," ಎಂದರು ರೇಂಜರ್ ಸಾಹೇಬರು. ನಮ್ಮ ಕಡೆ ಶಿಕ್ಷಕಿಯನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. "ದೀಪಾವಳಿ ಆದಮ್ಯಾಲ ಆ ತುಂಡು ಪೂರಾ ಕಡೀತೇವಿ. ಬರೂ ಮಳಿಗೆ ನೀಲಗಿರಿ ಹಚ್ಚತೇವಿ."

"ಇದ್ದ ಗಿಡಾ ಕಡದು ಗಿಡಾ ಹಚ್ಚೂದೇನ್ರಿ?"

"ಇದ್ದದ್ದು ಸಾವಕಾಶ ಬೆಳೀತಾವ್ರಿ. ನೀಲಗಿರಿ ಲಗೂ ಬೆಳೀತಾವು."

ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಕೂಟಗಳಲ್ಲಿ ಮಾತನಾಡಿದವಳು ನಾನು. ಎದುರು ಪಕ್ಷದ ವಾದವನ್ನು ಮೊದಲು ನ್ಯಾಯವಾಗಿ ಮಂಡಿಸಿ, ಬಳಿಕ ಅದರ ಒಂದೊಂದು ಕಂಬವನ್ನೂ ಕೆಡಹುವುದನ್ನು ನಮಗೆ ಕಲಿಸಿದ್ದರು. ಅಂದು ಅರ್ಧ ತಾಸು ಹಾಗೆಯೇ ಮಾತನಾಡಿದೆ. ಮತ್ತಿ, ಹೊನ್ನೆ, ನಂದಿ, ದಿಂಡಲಗಳು ಬೆರೆತು ಬೆಳೆದ ಕಾಡು ನೀರನ್ನು ಹಿಡಿಯುವ ಬಗೆಯನ್ನೂ, ಒಂದೇ ಜಾತಿಯ ಮರಗಳ ಸಾಲು ಕಾಡೆನಿಸಲಾರದೆಂಬುದನ್ನೂ ಹೇಳಿದೆ. ರೇಂಜರ್ ಸಾಹೇಬರು ಚಹಾ ತರಿಸಿ, ಬಶಿಯಲ್ಲಿ ಹೊಯ್ದು ಕುಡಿಯುತ್ತ, ಕೊನೆಯವರೆಗೂ ಕೇಳಿದರು.

"ಭಾಷಣ ಅಗದಿ ಛಲೋ ಆತ್ರಿ," ಎಂದರು. "ಆದರ ನಮ್ಮ ವಿಭಾಗದ ಸಾಹೇಬ್ರು ಭಾಷಣ ಕೇಳೂ ಪೈಕಿ ಅಲ್ಲ. ನಡದು ನೋಡೂ ಪೈಕಿ. ಜೂನ್ ತಿಂಗಳದಾಗ ಮಿರಗದ ಮಳಿ ಆದಮ್ಯಾಲ ತಪಾಸಣಿಗೆ ಬರ್ತಾರ. ಅಷ್ಟರಾಗ ಮಕ್ಕಳು ನಡೀಯೂ ಹಂಗ ಒಂದು ಕಾಲುದಾರಿ ಮಾಡಿ ತೋರಸ್ರಿ. ಒಂದ ಗಿಡಾ ಕಡೀಬಾರದು. ಮಳಿಗೆ ದಾರಿ ಕೊಚ್ಚಿ ಹೋಗಬಾರದು. ಈ ತುಂಡು ಸಾಲೀ ಮಕ್ಕಳ ಅಭ್ಯಾಸಕ್ಕ ಇರಲಿ ಅಂತ ನಾ ಬರದು ಕಳಸ್ತೀನಿ. ಒಪ್ಪೂದು ಬಿಡೂದು ಅವರಿಗೆ ಸೇರಿದ್ದು."

ಹೀಗೆ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಒಂದು ಕಾಡಿನ ಉಳಿವು ನನ್ನ ಕೈಯ ಅಳತೆಯ ಹಗ್ಗಕ್ಕೆ ಬಂದು ಸೇರಿತು.

ಶಾಲೆಗೆ ಬೇಸಿಗೆಯ ಸೂಟಿ ಬಿದ್ದ ಮರುದಿನವೇ ಕೆಲಸ ಹಿಡಿದೆವು. ಪುಂಡಿ ನಾರಿನ ಹಗ್ಗಕ್ಕೆ ಹತ್ತು ಹತ್ತು ಅಡಿಗೆ ಗಂಟು ಹಾಕಿದ್ದೆ. ಗುರುತಿಗೆ ಸುಣ್ಣದ ಪುಡಿ, ಗೂಟಕ್ಕೆ ಬಿದಿರು. ಇಲಾಖೆಯ ಕಡೆಯಿಂದ ಒಬ್ಬ ಗಾರ್ಡನನ್ನು ಕೊಟ್ಟಿದ್ದರು. ನಮ್ಮ ಶಾಲೆಯ ಸೇವಾದಳದ ಹತ್ತು ವಿದ್ಯಾರ್ಥಿನಿಯರು ಸರದಿಯ ಮೇಲೆ ಗುದ್ದಲಿ ಸಲಿಕೆ ಹಿಡಿದರು. ದಾರಿಯ ವಿನ್ಯಾಸ ಮಾತ್ರ ಪೂರ್ತಿ ನನ್ನದು. ಒಳ್ಳೆಯ ಭಾಷಣಕ್ಕೆ ಪೀಠಿಕೆ, ಪ್ರತಿಪಾದನೆ, ಶಿಖರ, ಸಮಾರೋಪ ಇರುವಂತೆ ದಾರಿಗೂ ಇರಬೇಕೆಂದು ನಾನು ನಿಶ್ಚಯಿಸಿದ್ದೆ. ಕಾಡಿನಂಚಿನ ಕೆರೆಯಿಂದ ಪ್ರಾರಂಭ. ದೊಡ್ಡ ಮತ್ತಿಯ ಮರದ ಬುಡದಲ್ಲಿ ಮೊದಲ ನಿಲುಗಡೆ. ಅಲ್ಲಿಂದ ನೆಟ್ಟಗೆ ಗುಡ್ಡದ ನೆತ್ತಿಗೆ. ನೆತ್ತಿಯಿಂದ ಇಳಿದು ಮತ್ತೆ ಕೆರೆಗೆ. ಕಾಗದದ ಮೇಲೆ ಅದು ಬಹಳ ಸುಂದರವಾಗಿ ಕಾಣುತ್ತಿತ್ತು.

ಹಗ್ಗ ಎಳೆದ ಮೂರನೆಯ ದಿನ ಗಾರ್ಡ್ ಗುಡ್ಡದ ಕೆಳಗೆ ನಿಂತು ತಲೆ ಕೆರೆದುಕೊಂಡ.

"ಅಕ್ಕಾರ, ಹಿಂಗ ನೆಟ್ಟಗ ಏರಿಸಿದ್ರ ನೀರು ನೆಟ್ಟಗ ಇಳಿತೈತ್ರಿ."

"ಕಲ್ಲಿನ ಮೆಟ್ಟಲಾ ಕೂಡಸತೇವಲ್ಲ?"

"ಮೆಟ್ಟಲಾ ಮನಶ್ಯಾರಿಗೆ ತಿಳಿತಾವ್ರಿ. ನೀರಿಗೆ ತಿಳೀತಾವೇನು?"

ನಾನು ಅವನಿಗೆ ಉತ್ತರ ಕೊಟ್ಟೆ. ನೆಟ್ಟಗಿನ ದಾರಿ ಚಿಕ್ಕದು, ಚಿಕ್ಕ ದಾರಿಗೆ ಕಡಿಮೆ ನೆಲ ಸಾಕು, ಕಡಿಮೆ ನೆಲ ಅಗೆದರೆ ಕಾಡಿಗೆ ಕಡಿಮೆ ಹಾನಿ ಎಂದು ಮೂರು ಮಾತುಗಳಲ್ಲಿ ಅವನ ಬಾಯಿ ಮುಚ್ಚಿಸಿದೆ. ಅವನು "ಆತ್ರಿಪಾ, ನೀವು ಕಲತವರು" ಎಂದು ಗುದ್ದಲಿ ಎತ್ತಿದ. ಆ ಚರ್ಚೆಯಲ್ಲಿ ಗೆಲುವು ನನ್ನದೇ ಆಗಿತ್ತು. ಅನುಭವಿಯ ಮಾತನ್ನು ತರ್ಕದಿಂದ ಸೋಲಿಸುವುದು ಎಷ್ಟು ಸುಲಭವೋ, ಅದರ ದಂಡ ಅಷ್ಟೇ ಭಾರವೆಂದು ನನಗೆ ಆಗ ತಿಳಿದಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಕಾಡಿದ ಇನ್ನೊಂದು ಸಂಗತಿಯಿದೆ. ಕಾಡಿನಂಚಿನ ಹಳ್ಳಿಯ ಹೆಂಗಸರು ದಿನವೂ ಒಣಕಟ್ಟಿಗೆಯ ಹೊರೆ ಹೊತ್ತು ಕೆರೆಯ ಹತ್ತಿರ ಹೊರಬೀಳುತ್ತಿದ್ದರು. ಆದರೆ ಒಳಗೆ ಅವರು ಯಾವ ದಾರಿಯಲ್ಲಿ ಓಡಾಡುತ್ತಾರೆಂಬುದು ನನಗೆ ಗೋಚರಿಸುತ್ತಲೇ ಇರಲಿಲ್ಲ. ಕೇಳಿದರೆ ಒಬ್ಬಳು ಆ ಕಡೆ ಕೈ ಮಾಡುತ್ತಿದ್ದಳು, ಇನ್ನೊಬ್ಬಳು ಈ ಕಡೆ. ಅವರ ಹೊರೆಗಲ್ಲು ಮಾತ್ರ ಕೆರೆಯ ದಂಡೆಯ ಮೇಲೆ ಎದ್ದು ಕಾಣುತ್ತಿತ್ತು. ಆಳೆತ್ತರದ ಎರಡು ಕಲ್ಲುಗಳನ್ನು ನೆಟ್ಟು, ಮೇಲೊಂದು ಚಪ್ಪಡಿ ಹೊದಿಸಿದ ಕಟ್ಟೆ ಅದು. ತಲೆಯ ಮೇಲಿನ ಹೊರೆಯನ್ನು ಬಗ್ಗದೆ, ಯಾರ ನೆರವೂ ಬೇಡದೆ, ಚಪ್ಪಡಿಯ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಹೊರಡುವಾಗ ಹಾಗೆಯೇ ತಲೆ ಕೊಟ್ಟು ಎತ್ತಿಕೊಳ್ಳಬಹುದು.

ಮೇ ತಿಂಗಳು ಮುಗಿಯುವುದರೊಳಗೆ ನನ್ನ ದಾರಿ ಸಿದ್ಧವಾಯಿತು. ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಕೂಡಿಸಿದ್ದೆವು. ನಮ್ಮ ಚಿತ್ರಕಲೆಯ ಮಾಸ್ತರರು ಮರಗಳ ಹೆಸರಿನ ಹಲಗೆಗಳನ್ನು ಬರೆದುಕೊಟ್ಟಿದ್ದರು. ಮೊಳೆ ಹೊಡೆಯದೆ ನಾರಿನಿಂದ ಸಡಿಲವಾಗಿ ಕಟ್ಟಿದ್ದೆವು. ಅದಾದ ಎರಡು ದಿನಕ್ಕೆ, ಮಧ್ಯಾಹ್ನದ ಹೊತ್ತು, ಅಡ್ಡಮಳೆ ಬಂತು. ಗುಡುಗು ಸಿಡಿಲಿನ ಮಳೆ, ಬರೀ ಮುಕ್ಕಾಲು ತಾಸು. ನಿಂತ ಕೂಡಲೇ ಕೊಡೆ ಹಿಡಿದು ಓಡಿದೆ.

ಮೆಟ್ಟಿಲುಗಳು ಕೆರೆಯ ದಂಡೆಯಲ್ಲಿ ರಾಶಿ ಬಿದ್ದಿದ್ದವು. ಗುಡ್ಡದ ನೆತ್ತಿಯಿಂದ ಬುಡದವರೆಗೆ ಮೊಣಕಾಲು ಆಳದ ಕೊರಕಲು. ಊರ ದನಗಳು ಕುಡಿಯುವ ಕೆರೆಯ ನೀರು ಕೆಂಪು ರಾಡಿಯಾಗಿತ್ತು. ಹಳ್ಳಿಯ ಹಿರಿಯರು ನಾಲ್ವರು ಅಲ್ಲಿಯೇ ನಿಂತಿದ್ದರು. ಒಬ್ಬರೂ ನನಗೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಒಬ್ಬ ಮುದುಕರು ಮಾತ್ರ ತಮ್ಮ ಎತ್ತಿಗೆ ಹೇಳುವಂತೆ ಹೇಳಿದರು: "ಕುಡಿ ಮಗನ, ಸಾಲೀ ನೀರೈತಿ. ಶಾಣ್ಯಾ ಆಗತಿ."

ಮರುದಿನ ರೇಂಜರ್ ಸಾಹೇಬರು ಬಂದು ನೋಡಿದರು. "ಇದು ದಾರಿ ಅಲ್ರಿ ಅಕ್ಕಾರ, ಹಳ್ಳ. ಸಾಹೇಬ್ರು ಇದನ್ನ ನೋಡಿದ್ರ ಈ ತುಂಡು ಕಡಿಯೂದು ಖಾತ್ರಿ. ನಾ ಬರದದ್ದನ್ನ ವಾಪಸ್ ತಗೋತೀನಿ."

ಎಂಟು ದಿನಗಳ ಅವಧಿ ಬೇಡಿಕೊಂಡೆ. ಕೊಟ್ಟರು, ಆದರೆ ನನ್ನ ಬಳಿ ಕೊಡಲು ಯಾವ ಯೋಜನೆಯೂ ಇರಲಿಲ್ಲ.

ಅವರು ಹೋದ ಮೇಲೆ ಹೊರೆಗಲ್ಲಿನ ನೆರಳಿಗೆ ಕುಳಿತೆ. ಸ್ವಲ್ಪ ಹೊತ್ತಿಗೆ ಹೊರೆ ಹೊತ್ತ ಹಿರಿಯಳೊಬ್ಬಳು ಕಾಡಿನೊಳಗಿಂದ ಬಂದಳು. ಊರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿತ್ತು. ಹೊರೆಯನ್ನು ಚಪ್ಪಡಿಗೆ ಜಾರಿಸಿ, ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡಳು. ಆಕೆಯ ಕಾಲುಗಳ ಮೇಲೆ ನನ್ನ ಕಣ್ಣು ಬಿತ್ತು. ಅಷ್ಟು ಮಳೆ ಬಿದ್ದ ಮರುದಿನ ಗುಡ್ಡ ಇಳಿದು ಬಂದವಳ ಕಾಲಿಗೆ ಕೆಸರು ಹಿಮ್ಮಡಿಯ ಮೇಲೆ ಏರಿರಲಿಲ್ಲ.

"ದೊಡ್ಡವ್ವ, ನಿನ್ನ ದಾರಿ ಕೊಚ್ಚಿ ಹೋಗಿಲ್ಲೇನು?" ಎಂದು ಕೇಳಿದೆ.

"ಯಾಕ ಹೋದೀತ್ರಿ? ನಮ್ಮ ಅತ್ತೀ ಅತ್ತಿ ಕಾಲದ್ದು."

"ಮತ್ತ ನನ್ನದು ಹೋತಲ್ಲ."

ಆಕೆ ಕೊರಕಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀವು ಕೈ ಬೀಸಿ ನಡಿಯಾವ್ರು ದಾರಿ ಮಾಡೀರಿ. ತಲೀ ಮ್ಯಾಲ ಹೊರಿ ಇದ್ದಾಕಿ ಗುಡ್ಡಕ್ಕ ಎದಿ ಕೊಟ್ಟು ಇಳಿತಾಳೇನ್ರಿ? ಬಾಜೂಕ ಬಳಸಿ ಇಳಿತಾಳ."

"ಇಷ್ಟ ದಿನ ಯಾಕ ಹೇಳಲಿಲ್ಲ?"

ಆಕೆ ಬಾಯಿಯ ಮೇಲಿನ ಸೆರಗು ತೆಗೆದಳು. ಬಳಿಕ ನೇರವಾಗಿ ಹೇಳಿದಳು. "ನೀವು ಹಗ್ಗ ಹಿಡದು ಬಂದ ದಿನಾನ ನಾವು ದಾರೀ ಬಾಯಿಗೆಲ್ಲ ಮುಳ್ಳ ಎಳದ್ವಿ. ಸಾಲಿ ಮಕ್ಕಳಿಗೆ ದಾರಿ ಆತಂದ್ರ ನಾಳೆ ಗಾರ್ಡ ಬಂದು 'ಇದು ಸರಕಾರದ್ದು, ನೀ ಹೊರಿ ತರಬ್ಯಾಡ' ಅಂತಾನ. ನಮ್ಮ ಒಲಿಗೆ ನೀವು ಬೆಂಕಿ ತರತೀರೇನು?"

ಆ ಪ್ರಶ್ನೆಗೆ ಯಾವ ಚರ್ಚಾಕೂಟವೂ ನನ್ನನ್ನು ಸಿದ್ಧಗೊಳಿಸಿರಲಿಲ್ಲ. ನೆಲಕ್ಕೆ ಬಿದ್ದ ಒಣಕಟ್ಟಿಗೆಯನ್ನು ತಲೆಹೊರೆಯಲ್ಲಿ ಒಯ್ಯಲು ಇಲಾಖೆಯವರು ಬಿಡುತ್ತಿದ್ದರು ನಿಜ. ಆದರೆ ಅದು ಬಾಯಿಮಾತಿನ ಬಿಡುವಿಕೆ, ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ನಾನು ಕಾಡನ್ನು ಉಳಿಸಲು ಹೊರಟವಳು. ಅದರಲ್ಲಿ ದಿನವೂ ನಡೆಯುವವರನ್ನು ನನ್ನ ವಾದದ ಯಾವ ಭಾಗದಲ್ಲಿಯೂ ಸೇರಿಸಿರಲಿಲ್ಲ.

"ದೊಡ್ಡವ್ವ, ಈಗ ನೀಲಿ ಗೆರಿ ಹೊಡದಾರ. ದೀಪಾವಳಿ ಆದಮ್ಯಾಲ ಈ ಕಾಡ ಇರಂಗಿಲ್ಲ," ಎಂದು ನಕಾಶೆಯ ಸಂಗತಿಯನ್ನೆಲ್ಲ ತಿಳಿಸಿದೆ. "ನೀ ದಾರಿ ತೋರಸು. ಸಾಹೇಬ್ರಿಗೆ ಕೊಡೂ ಅರ್ಜಿಯೊಳಗ ದಾರಿ ನಿಮ್ಮದು ಅಂತ ಬರೀತೀನಿ. ಒಣಕಟ್ಟಿಗಿ ಹೊರಿ ನಿಲ್ಲಬಾರದು ಅಂತನೂ ಬರೀತೀನಿ. ಅವರು ಒಪ್ಪಲಿಲ್ಲಂದ್ರ ನನ್ನ ಅರ್ಜಿನೂ ಬ್ಯಾಡ."

ಆಕೆ ಸಿಂಬೆಯನ್ನು ಮತ್ತೆ ಸುತ್ತಿದಳು. "ಬರದದ್ದನ್ನ ನನ್ನ ಮುಂದ ಓದಬೇಕ್ರಿ. ಹಂಗಾದ್ರ ನಾಳೆ ಹೊತ್ತು ಏರೂದರಾಗ ಬರ್ರಿ, ಹೋಗೂಣು."

ಐದು ವಾರಗಳ ದುಡಿಮೆಯನ್ನು ಬಿಟ್ಟುಬಿಡುವ ನಿರ್ಧಾರ ಹಾಗೆ ಆಯಿತು. ಮರುದಿನ ಮೊದಲ ಕೆಲಸ ನನ್ನ ದಾರಿಯನ್ನು ಮುಚ್ಚುವುದು. ಕೊರಕಲಿಗೆ ಅಡ್ಡಡ್ಡಲಾಗಿ ಮುರಿದ ಟೊಂಗೆಗಳನ್ನು ಕಟ್ಟಿ, ಅದೇ ಮೆಟ್ಟಿಲಿನ ಕಲ್ಲುಗಳನ್ನು ಹೇರಿ ಒಡ್ಡು ಹಾಕಿದೆವು. ಅತ್ತ ದೊಡ್ಡವ್ವನ ಜೊತೆಗಾತಿಯರು ತಮ್ಮ ದಾರಿಯ ಬಾಯಿಗಳಿಂದ ಮುಳ್ಳು ಎಳೆದು ತೆಗೆದರು. ಗುಡ್ಡದ ಸೊಂಟವನ್ನು ಬಳಸಿಕೊಂಡು ಹೋಗುವ, ಒಂದು ಅಡಿಯಷ್ಟು ಅಗಲದ, ಗಟ್ಟಿಯಾದ ದಾರಿ ಕಣ್ಣಿಗೆ ಬಿತ್ತು. ಅದರ ಉದ್ದಕ್ಕೂ ಇನ್ನೂ ಮೂರು ಹೊರೆಗಲ್ಲುಗಳಿದ್ದವು. ತುಂಬಿದ ಹೊರೆ ಹೊತ್ತವಳು ಎಲ್ಲಿ ಉಸಿರು ಕಳೆದುಕೊಳ್ಳುತ್ತಾಳೋ ಸರಿಯಾಗಿ ಅಲ್ಲಿ ಒಂದೊಂದು. ನಾನು ನಕಾಶೆಯ ಮೇಲೆ ಊಹಿಸಿದ್ದ ನಿಲುಗಡೆಗಳನ್ನು ಎಷ್ಟೋ ತಲೆಮಾರುಗಳ ಕತ್ತುಗಳು ಮೊದಲೇ ಗೊತ್ತುಮಾಡಿದ್ದವು.

ಎರಡು ಹೊರೆಗಲ್ಲುಗಳ ನಡುವೆ ಮರಗಳು ಬಿದ್ದು ದಾರಿ ಒಂದೆರಡು ಕಡೆ ಕೆಟ್ಟಿತ್ತು. ಅಲ್ಲಿ ಬಿದ್ದ ಮರಗಳನ್ನು ಬಳಸಿ ಹೊಸದಾಗಿ ದಾರಿ ತೆಗೆಯಬೇಕಾಯಿತು. ನಾನು ಹಗ್ಗ ತೆಗೆದೆ. ದೊಡ್ಡವ್ವ ತಾಮ್ರದ ಕೊಡವನ್ನು ತಂದಳು. ಅದನ್ನು ಕಂಠದವರೆಗೆ ತುಂಬಿ, ತಲೆಯ ಮೇಲಿಟ್ಟು, ಕೈ ಬಿಟ್ಟು ನಡೆದಳು. ನೀರು ಎಲ್ಲಿ ತುಳುಕಿತೋ ಅಲ್ಲಿ ನಿಂತು ಬೆನ್ನು ಒದ್ದೆಯಾಗಿದೆಯೋ ಎದೆಯೋ ಎಂದು ನೋಡಿಕೊಂಡು ಹೇಳುತ್ತಿದ್ದಳು: "ಇಲ್ಲಿ ಏರು ಭಾಳಾತು, ಬಳಸ್ರಿ. ಇಲ್ಲಿ ಕಲ್ಲು ಮುಗ್ಗರಸತೈತಿ, ತಗೀರಿ." ಗಾರ್ಡ್ ಸುಣ್ಣ ಹಾಕುತ್ತಿದ್ದ. ತಿದ್ದಿದ ಮೇಲೆ ಮತ್ತೆ ಕೊಡ, ಮತ್ತೆ ನಡಿಗೆ. 'ಕೊಡ ತುಳುಕದ ಹೊರತು ದಾರಿ ಪಾಸಿಲ್ಲ' ಎಂದು ನಾನು ಮೊದಲ ದಿನ ನನ್ನ ವಹಿಯಲ್ಲಿ ತಪ್ಪಾಗಿ ಬರೆದೆ. ಬಳಿಕ 'ತುಳುಕಿದರೆ ಪಾಸಿಲ್ಲ' ಎಂದು ತಿದ್ದಿದೆ. ಅಷ್ಟು ದಣಿದಿದ್ದೆ. ಪ್ರತಿ ಮೂವತ್ತು ಹೆಜ್ಜೆಗೆ ಒಂದರಂತೆ ದಾರಿಗೆ ಓರೆಯಾಗಿ ಕಲ್ಲಿನ ಸಾಲನ್ನು ಹುಗಿದೆವು. ಮೇಲಿನಿಂದ ಬಂದ ನೀರು ದಾರಿಯ ಗುಂಟ ಓಡದೆ, ಆ ಕಲ್ಲಿಗೆ ತಾಗಿ ಬದಿಯ ಎಲೆರಾಶಿಗೆ ಇಳಿಯುತ್ತಿತ್ತು. ಗಾರ್ಡ್ ಆ ಕಲ್ಲುಗಳನ್ನು ಕೂಡಿಸುವಾಗ ನನ್ನ ಕಡೆ ನೋಡದೆ ಹೇಳಿದ: "ನೀರಿಗೆ ಇದು ತಿಳಿತೈತ್ರಿ ಅಕ್ಕಾರ."

"ಹೌದಪಾ," ಎಂದೆ. "ನನಗೂ ತಿಳೀತು."

ಎಂಟನೆಯ ದಿನ ರೇಂಜರ್ ಸಾಹೇಬರು ಬಂದು ದಾರಿಯನ್ನು ಒಪ್ಪಿದರು. ನನ್ನ ಅರ್ಜಿಯನ್ನು ಓದಿ ಮಾತ್ರ ಗಾಬರಿಯಾದರು. "ಕಟ್ಟಿಗಿ ವಿಷಯ ಯಾಕ ಹಾಕೀರಿ? ಆ ದಿನ ಹೆಂಗಸರನ್ನ ಬ್ಯಾರೆ ಕಡೆ ಕಳಸ್ರಿ. ಸಾಹೇಬ್ರು ಹೊರಿ ನೋಡಿದ್ರ ನನ್ನ ಮೈಮ್ಯಾಲ ಬರತೈತಿ. ಮೊದಲ ಕಾಡ ಉಳಸ್ಕೋರಿ, ಉಳದದ್ದು ಆಮ್ಯಾಲ."

ಅದು ವ್ಯವಹಾರಜ್ಞರ ಸಲಹೆ. ಅದರಲ್ಲಿ ನನ್ನ ಬಗೆಗಿನ ಕಾಳಜಿಯೂ ಇತ್ತು. ಆದರೆ ಹೊರೆಗಲ್ಲಿನ ಮುಂದೆ ದೊಡ್ಡವ್ವನಿಗೂ ಜೊತೆಗಾತಿಯರಿಗೂ ನಾನು ಅರ್ಜಿಯನ್ನು ಆಗಲೇ ಓದಿಯಾಗಿತ್ತು. ಕೇಳಿದವರ ಬೆನ್ನ ಹಿಂದೆ ಅದರ ಒಂದು ಸಾಲನ್ನು ಹೊಡೆದುಹಾಕುವ ಅಧಿಕಾರ ನನಗಿರಲಿಲ್ಲ. "ಹಂಗ ಇರಲ್ರಿ," ಎಂದೆ.

ಮಿರಗದ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ದಿನಕ್ಕೆರಡು ಸಲ ದಾರಿಯನ್ನು ನಡೆದು ನೋಡಿದೆ. ಓರೆಕಲ್ಲುಗಳ ಬದಿಯಲ್ಲಿ ನೀರು ಎಲೆಗಳ ನಡುವೆ ಸದ್ದಿಲ್ಲದೆ ಇಳಿಯುತ್ತಿತ್ತು. ಕೆರೆಯ ನೀರು ತಿಳಿಯಾಗಿತ್ತು.

ತಪಾಸಣೆಯ ದಿನವೇ ಎರೆಭೂಮಿಯ ಹುಡುಗಿಯರೂ ಬಂದರು. ಬಸ್ಸಿನಿಂದ ಇಳಿದ ನಲವತ್ತು ಮಂದಿ ಕಾಡಿನ ಬಾಯಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಿಂತುಬಿಟ್ಟರು. ಅವರ ಊರಲ್ಲಿ ಕಣ್ಣು ಹಾಯಿಸಿದರೆ ಮುಂದಿನ ಊರಿನ ಗುಡಿ ಕಾಣುತ್ತದೆ. ಇಲ್ಲಿ ಹತ್ತು ಹೆಜ್ಜೆಯ ಮುಂದೆ ಏನಿದೆಯೋ ಕಾಣದು.

"ಅಕ್ಕಾರ, ಇಲ್ಲಿ ಮುಗಲು ಎಲ್ಲಿಟ್ಟಾರ್ರಿ?" ಎಂದು ಒಬ್ಬಳು ಕತ್ತೆತ್ತಿ ಕೇಳಿದಳು.

"ಲೇ, ಗಿಡದ ಮ್ಯಾಲ ಐತಿ. ಹತ್ತಿ ನೋಡು," ಎಂದಳು ಪಕ್ಕದವಳು.

ಒಳಗೆ ಹೋದಂತೆ ಅವರ ಭಯ ಬಿಟ್ಟಿತು. ಮೊಸಳೆಯ ಬೆನ್ನಿನಂತಿದ್ದ ಮತ್ತಿಯ ತೊಗಟೆಯನ್ನು ಸರದಿಯಲ್ಲಿ ಮುಟ್ಟಿದರು. ಹೊನ್ನೆಯ ಗಾಯದಿಂದ ಒಸರಿ ಹೆಪ್ಪುಗಟ್ಟಿದ ಕೆಂಪು ಅಂಟನ್ನು ಕಂಡು "ಯವ್ವಾ, ಗಿಡಕ್ಕೂ ರಗತ ಐತಿ!" ಎಂದು ಕೂಗಿದರು. ವಿಭಾಗದ ಸಾಹೇಬರು ಅವರ ಹಿಂದೆ ನಡೆಯುತ್ತಿದ್ದರು. ನಡುನಡುವೆ ಕೊರಳ ಚೀಲದಿಂದ ಇಳಿಜಾರು ಅಳೆಯುವ ಹಿತ್ತಾಳೆಯ ಉಪಕರಣವೊಂದನ್ನು ತೆಗೆದು, ಕಣ್ಣಿಗಿಟ್ಟು, ವಹಿಯಲ್ಲಿ ಬರೆಯುತ್ತಿದ್ದರು. ನನ್ನ ಚೀಲದಲ್ಲಿ ಏಳು ಪುಟದ ಭಾಷಣ ಸಿದ್ಧವಾಗಿತ್ತು.

ಎರಡನೆಯ ಹೊರೆಗಲ್ಲಿನ ಹತ್ತಿರ ಅವರು ನಿಂತರು. "ಏರಿಕೆ ಎಲ್ಲ ಕಡೆ ಒಂದ ನಮೂನಿ ಐತಿ. ಈ ಲೈನ್ ಯಾರು ಸರ್ವೆ ಮಾಡ್ಯಾರ? ಯಾವ ಉಪಕರಣ?"

ರೇಂಜರ್ ಸಾಹೇಬರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ದೊಡ್ಡವ್ವ ಹೊರೆ ಹೊತ್ತು ಇಳಿದು ಬಂದಳು, ಹಿಂದೆ ಇನ್ನಿಬ್ಬರು. ರೇಂಜರ್ ಸಾಹೇಬರ ಮುಖ ಸಪ್ಪಗಾಯಿತು. ನಮ್ಮ ಕಡೆ ಒಂದು ರೂಢಿಯಿದೆ: ಹೊರೆ ಇದ್ದವರಿಗೆ ಬರಿಗೈಯವರು ದಾರಿ ಬಿಡಬೇಕು, ಬರಿಗೈಯವರು ಯಾರೇ ಆಗಿರಲಿ.

"ಸರೀರಿ ಸಾಹೇಬ್ರ, ಹೊರಿ ಐತಿ," ಎಂದಳು ದೊಡ್ಡವ್ವ.

ವಿಭಾಗದ ಸಾಹೇಬರು ಬೂಟುಗಾಲಿನಲ್ಲಿ ಎಲೆರಾಶಿಗೆ ಇಳಿದು ನಿಂತರು.

"ಸರ್ವೆ ಮಾಡಿದವರು ಇವರ ನೋಡ್ರಿ," ಎಂದೆ ನಾನು. "ಉಪಕರಣ, ತಾಮ್ರದ ಕೊಡ."

ಅವರು ನಂಬಲಿಲ್ಲ. ನಾನು ವಿವರಿಸುವ ಮೊದಲೇ ದೊಡ್ಡವ್ವ ಹೊರೆಯನ್ನು ಚಪ್ಪಡಿಗೆ ಜಾರಿಸಿ, "ಹೇಳಿದ್ರ ಏನ್ ತಿಳೀತೈತಿ, ತುಂಬಕೊಂಡ ಬರ್ರಿ," ಎಂದಳು. ಗಾರ್ಡ್ ಹೊರೆಗಲ್ಲಿನ ಬುಡದಲ್ಲಿ ಇಟ್ಟಿದ್ದ ಕೊಡವನ್ನು ಬದಿಯ ಒರತೆಯಿಂದ ತುಂಬಿ ತಂದ. ಆಕೆ ಅದನ್ನು ತಾನು ಎತ್ತಲಿಲ್ಲ. "ನಾ ನಡದ್ರ 'ರೂಢಿ ಐತಿ' ಅಂತೀರಿ. ಇವತ್ತ ಬಂದಾಕಿ ನಡೀಲಿ," ಎಂದು ಹುಡುಗಿಯರ ಕಡೆ ತಿರುಗಿದಳು. "ಯಾರ ನಡೀತೀರೇ?"

ಮುಗಿಲು ಎಲ್ಲಿ ಎಂದು ಕೇಳಿದ್ದವಳೇ ಮುಂದೆ ಬಂದಳು. ಕಾಡನ್ನು ಕಾಣದ ಆ ಹುಡುಗಿಗೆ ಕೊಡ ಹೊಸದಾಗಿರಲಿಲ್ಲ. ಬಾವಿಯ ನೀರು ಉಪ್ಪಾದ ಊರಿನವಳು. ಕುಡಿಯುವ ನೀರಿಗೆ ದಿನವೂ ಊರ ಹೊರಗಿನ ಕೆರೆಗೆ ನಡೆಯುವವಳು. ಜೊತೆಗಾತಿಯೊಬ್ಬಳು ಕೊಟ್ಟ ಸಿಂಬೆಯನ್ನು ಒಮ್ಮೆ ಸರಿಮಾಡಿಕೊಂಡು, ಎರಡೂ ಕೈ ಬಿಟ್ಟು, ಆ ಹೊರೆಗಲ್ಲಿನಿಂದ ಮುಂದಿನ ಹೊರೆಗಲ್ಲಿನವರೆಗೆ ಎಂದೂ ತುಳಿಯದ ದಾರಿಯಲ್ಲಿ ನಡೆದಳು. ಉಳಿದ ಹುಡುಗಿಯರು ಉಸಿರು ಬಿಗಿಹಿಡಿದು ಹಿಂಬಾಲಿಸಿದರು, ದೊಡ್ಡವ್ವ ತನ್ನ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು ಹಿಂದೆ ಬಂದಳು. ಕೊನೆಯಲ್ಲಿ ದೊಡ್ಡವ್ವ ಹೊರೆಯನ್ನು ಅಲ್ಲಿನ ಚಪ್ಪಡಿಗೆ ಜಾರಿಸಿ, ಆ ಹುಡುಗಿಯ ಎರಡೂ ಭುಜಗಳನ್ನು ಸವರಿ, ನೀರು ಹತ್ತದ ಅಂಗೈಯನ್ನು ಸಾಹೇಬರಿಗೆ ತೋರಿಸಿದಳು.

ಕೂಗಾಟ ಎದ್ದಿತು. ಮುಖ್ಯಾಧ್ಯಾಪಕಿಯವರು ಶಿಸ್ತು ಮರೆತು ಚಪ್ಪಾಳೆ ತಟ್ಟಿದರು. ವಿಭಾಗದ ಸಾಹೇಬರು ನಗಲಿಲ್ಲ. ತಮ್ಮ ಹಿತ್ತಾಳೆಯ ಉಪಕರಣವನ್ನು ಚೀಲಕ್ಕೆ ಸೇರಿಸಿ, ನನ್ನ ಅರ್ಜಿಯನ್ನು ಕೇಳಿದರು. ನಿಂತಲ್ಲಿಯೇ ಎರಡು ಸಲ ಓದಿದರು. ಭಾಷಣದ ಕಡೆಗೆ ಹೋದ ನನ್ನ ಕೈಯನ್ನು ನಾನು ಹಿಂದೆ ತೆಗೆದುಕೊಂಡೆ.

ಅಲ್ಲಿಯೇ ಟಿಪ್ಪಣಿ ಬರೆಯಲು ಪೆನ್ನು ತೆಗೆದರು, ಕಾಗದ ಇಡಲು ಜಾಗ ಹುಡುಕಿದರು. ಹೊರೆಗಲ್ಲಿನ ಚಪ್ಪಡಿಯ ಮೇಲೆ ದೊಡ್ಡವ್ವನ ಹೊರೆ ಆಗಲೇ ಕುಳಿತಿತ್ತು. ಆಕೆ ಮುಂದೆ ಬಂದು, ತಲೆ ಕೊಟ್ಟು, ಹೊರೆಯನ್ನು ಎತ್ತಿಕೊಂಡು ಪಕ್ಕಕ್ಕೆ ನಿಂತಳು.

"ಬರೀರಿ ಸಾಹೇಬ್ರ. ಆದರ ಲಗೂ ಬರೀರಿ, ತಲೀ ಮ್ಯಾಲ ಭಾರ ಐತಿ."

ಅವರು ಲಗುಬಗೆಯಿಂದ ಬರೆದರು. ಈ ತುಂಡನ್ನು ಕಡಿತದ ಯಾದಿಯಿಂದ ತೆಗೆಯಬೇಕು. ದಾರಿಯನ್ನು ಶಾಲೆಗಳ ಅಭ್ಯಾಸಕ್ಕೆ ಇಡಬೇಕು. ದಾರಿಯನ್ನು ನೋಡಿಕೊಳ್ಳುವ ಹೆಂಗಸರಿಗೆ ಒಣಕಟ್ಟಿಗೆಯ ತಲೆಹೊರೆಯನ್ನು ತಡೆಯಬಾರದು. ಕೆಳಗೆ ಸಹಿ. ಸರಕಾರದ ಟಿಪ್ಪಣಿ ಮೂರೇ ಸಾಲುಗಳಲ್ಲಿ ಮುಗಿದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ಓದ್ರಿ ಅಕ್ಕಾರ," ಎಂದಳು ದೊಡ್ಡವ್ವ, ಹೊರೆಯ ಕೆಳಗಿನಿಂದ.

ಓದಿದೆ. ಆಕೆ ಪೂರ್ತಿ ಕೇಳಿ, ಇನ್ನೊಮ್ಮೆ ಓದಿಸಿದಳು. ಬಳಿಕ ಸಾಹೇಬರು ಕಾಗದವನ್ನು ತೆಗೆದುಕೊಂಡು ಸರಿದ ಕೂಡಲೇ, ಹೊರೆಯನ್ನು ಅದೇ ಜಾಗದಲ್ಲಿ ಮತ್ತೆ ಇಳಿಸಿದಳು.